ಕುಂದಾಣಿಯ ಕಲ್ಲು ಯಾರ ಪಕ್ಷ?

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ರಾಜ್ಯೋತ್ಸವ ಸಭೆಯಲ್ಲಿ ಭಾಷಣಕಾರರೊಬ್ಬರು ಕೈಯೆತ್ತಿ ಕೇಳಿದರು: "ಹೊಯ್ಸಳ ರಾಮನಾಥ ಕುಂದಾಣಿಯಲ್ಲಿ ಕೂತು ಆಳಿದ ನೆಲ ಇದು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?" ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ತಳಿಯಂಥ ಊರಿನಲ್ಲಿ ಕನ್ನಡದ ಹೆಸರಿನಲ್ಲಿ ನಾಲ್ಕು ಜನ ಸೇರುವುದೇ ದೊಡ್ಡದು, ಚಪ್ಪಾಳೆಗೆ ಲೆಕ್ಕ ಹಾಕಬಾರದು. ಆದರೆ ಮನೆಗೆ ಬಂದು 1905ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಕೋಲಾರ ಸಂಪುಟವನ್ನು ತೆರೆದರೆ ಅದೇ ರಾಮನಾಥನ ಶಾಸನಗಳು ತಮಿಳಿನಲ್ಲಿವೆ, ಒಂದಲ್ಲ, ಹಲವು. ಇಂದಿನ ಕರ್ನಾಟಕದ ಕೋಲಾರ, ಮಾಲೂರು ಸೀಮೆಯಲ್ಲಿ ಕನ್ನಡ ರಾಜನ ಮಗ ತಮಿಳಿನಲ್ಲಿ ದತ್ತಿ ಬರೆಸಿದ್ದಾನೆ. ಭಾಷಣಕಾರರ ತರ್ಕವನ್ನೇ ಹಿಡಿದು ಹೊರಟರೆ ನಾವು ಮಾಲೂರನ್ನು ಬಿಟ್ಟುಕೊಡಬೇಕಾಗುತ್ತದೆ!

ನಗೆಯ ಮಾತಲ್ಲ. ಕಲ್ಲನ್ನು ಸಾಕ್ಷಿಪತ್ರವಾಗಿ ಮಾತ್ರ ಓದುವ ಅಭ್ಯಾಸ ನಮ್ಮಂಥ ಗಡಿಯ ಜನರಿಗೆ ಅಂಟಿಕೊಂಡಿದೆ. ಕಾಸರಗೋಡಿನ ಗೆಳೆಯರಿಗೂ ಈ ಅಭ್ಯಾಸ ಹೊಸದಲ್ಲ. ಶಾಸನವೂ ಒಂದು ಬರವಣಿಗೆ, ಅದಕ್ಕೊಂದು ಧ್ವನಿಯಿದೆ, ಪಕ್ಷವಿದೆ, ಮುಚ್ಚಿಡುವ ಸಂಗತಿಗಳಿವೆ ಎಂಬುದನ್ನು ಮರೆಯುತ್ತೇವೆ. ಕುಂದಾಣಿಯ ಕತೆಯನ್ನು ಸಾಹಿತ್ಯ ವಿಮರ್ಶೆಯ ಕಣ್ಣಿನಿಂದ ಒಮ್ಮೆ ಓದಿ ನೋಡಬೇಕೆಂಬುದು ಈ ಲೇಖನದ ಉದ್ದೇಶ.

ಮೊದಲು ಕತೆ. ಹೊಯ್ಸಳ ಸೋಮೇಶ್ವರ ದೋರಸಮುದ್ರಕ್ಕಿಂತ ಕಾವೇರಿಯ ಕೆಳಗಿನ ಕಣ್ಣನೂರಿನಲ್ಲಿ ಹೆಚ್ಚು ಕಾಲ ಇದ್ದ ರಾಜ. ಶ್ರೀರಂಗದ ಹತ್ತಿರದ, ಇಂದು ಸಮಯಪುರ ಎನ್ನುವ ಊರಿನ ಬಳಿ. 1254ರಲ್ಲಿ ಆತನ ರಾಜ್ಯ ಇಬ್ಬರು ಮಕ್ಕಳಲ್ಲಿ ಹಂಚಿಹೋಯಿತು. ಬಿಜ್ಜಳರಾಣಿಯ ಮಗ ಮೂರನೆಯ ನರಸಿಂಹನಿಗೆ ದೋರಸಮುದ್ರ ಮತ್ತು ಮೇಲಿನ ಕನ್ನಡ ನಾಡು. ದೇವಲದೇವಿಯ ಮಗ ರಾಮನಾಥನಿಗೆ ಕಣ್ಣನೂರು, ತಮಿಳು ಸೀಮೆ, ಜೊತೆಗೆ ಕೋಲಾರದ ಕಡೆಯ ಭಾಗ. ತಾಯಂದಿರು ಬೇರೆ, ಬೆಳೆದ ಊರು ಬೇರೆ. ಕೆಳಗಡೆ ಪಾಂಡ್ಯರು ಬಲಿಯುತ್ತಿದ್ದರು. 1279ರ ಹೊತ್ತಿಗೆ ಮಾರವರ್ಮ ಕುಲಶೇಖರ ಪಾಂಡ್ಯನ ಎದುರು ಚೋಳರ ಕೊನೆಯ ದೊರೆ ಮೂರನೆಯ ರಾಜೇಂದ್ರನೂ ಅವನ ಜೊತೆಗಿದ್ದ ರಾಮನಾಥನೂ ಸೋತರು. ಚೋಳ ವಂಶ ಅಲ್ಲಿಗೆ ಮುಗಿಯಿತು. ರಾಮನಾಥ ಮಾತ್ರ ಮುಗಿಯಲಿಲ್ಲ. ಕಣ್ಣನೂರು ಕೈಬಿಟ್ಟ ಮೇಲೆ ಘಟ್ಟ ಹತ್ತಿ ನಮ್ಮ ಸೀಮೆಗೆ ಬಂದು ಕುಂದಾಣಿಯಲ್ಲಿ ನೆಲೆಯೂರಿದ. ಕೆಳಗೆ ಕಳೆದುಕೊಂಡದ್ದನ್ನು ಮೇಲೆ ತುಂಬಿಕೊಳ್ಳಬೇಕಲ್ಲ, ಮೇಲೆ ಇದ್ದದ್ದು ಸೋದರನ ನೆಲ. ದಾಯಾದಿ ಜಗಳ ದಾಯಾದಿ ಯುದ್ಧವಾಯಿತು.

ನರಸಿಂಹ 1292ಕ್ಕೆ ಮುಂಚೆ ತೀರಿಕೊಂಡ. ಆ ವರ್ಷದ ಜನವರಿಯಲ್ಲಿ ಮಗ ಮೂರನೆಯ ಬಲ್ಲಾಳನಿಗೆ ಪಟ್ಟವಾಯಿತು. ರಾಮನಾಥ 1295ರಲ್ಲಿ ಹೋದ. ಅವನ ಮಗ ವಿಶ್ವನಾಥ ಕೆಲವೇ ವರ್ಷ ಕುಂದಾಣಿಯನ್ನು ಹಿಡಿದಿದ್ದ. 1300ರ ಸುಮಾರಿಗೆ ಬಲ್ಲಾಳ ಎರಡು ತುಂಡನ್ನೂ ಕೂಡಿಸಿದ. ಹತ್ತಿರ ಹತ್ತಿರ ಅರ್ಧ ಶತಮಾನ ಒಂದೇ ವಂಶದ ಎರಡು ಸಿಂಹಾಸನಗಳು ಇದ್ದವು. ಕುಂದಾಣಿ ಎಲ್ಲಿ ಎಂಬುದೇ ಇನ್ನೊಂದು ದಾಯಾದಿ ವ್ಯಾಜ್ಯ. ದೇವನಹಳ್ಳಿಯ ಹತ್ತಿರದ ಕುಂದಾಣವೇ ಅದು ಎನ್ನುವವರಿದ್ದಾರೆ. ಹೊಸೂರಿನಿಂದ ಪೂರ್ವಕ್ಕೆ, ವೇಪನಹಳ್ಳಿಯ ಕಡೆಯ ಕುಂದಾಣಿಯೇ ಅದು ಎನ್ನುವವರಿದ್ದಾರೆ. ನನಗೆ ಎರಡನೆಯ ವಾದವೇ ಸರಿ ಎನ್ನಿಸುತ್ತದೆ, ಘಟ್ಟ ಹತ್ತಿ ಬಂದವನು ಮೊದಲು ಕಾಲಿಡುವ ಜಾಗ ಅದು. ತಳಿಯವನಾದ ನನ್ನ ಪಕ್ಷಪಾತವೂ ಇದರಲ್ಲಿ ಇರಬಹುದು, ಓದುಗರು ಅದನ್ನು ಕಳೆದು ಓದಲಿ.

ಒಂದು ಕಾನೂನಿನ ಸೂಕ್ಷ್ಮವನ್ನು ಇಲ್ಲಿ ಹೇಳಬೇಕು. ತಂದೆಯ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಸಾರಿದ 'ಮಿತಾಕ್ಷರಾ' ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನೇ, ಆರನೆಯ ವಿಕ್ರಮಾದಿತ್ಯನ ಆಸ್ಥಾನದವನು. ಆದರೆ ಹೊಲ ಮನೆ ಹಂಚುವ ಹಾಗೆ ಸಿಂಹಾಸನವನ್ನು ಹಂಚುವುದು ರೂಢಿಯಲ್ಲ, ಪಟ್ಟ ಒಬ್ಬನಿಗೇ. ಸೋಮೇಶ್ವರ ರಾಜ್ಯವನ್ನು ಮನೆಯ ಆಸ್ತಿಯಂತೆ ಕಂಡ. ಹೊಯ್ಸಳರ ಬಗ್ಗೆ 1957ರಲ್ಲಿ ದೊಡ್ಡ ಗ್ರಂಥ ಬರೆದ ಡಂಕನ್ ಡೆರೆಟ್ ವೃತ್ತಿಯಿಂದ ಹಿಂದೂ ಕಾನೂನಿನ ವಿದ್ವಾಂಸರು ಎಂಬುದು ಆಕಸ್ಮಿಕವಿರಲಿಕ್ಕಿಲ್ಲ. ಈ ವಂಶದ ಕತೆಯೇ ಒಂದು ಪಾಲುಪತ್ರದ ದಾವೆ. ಪಡುವಣ ಕಡಲತೀರದ ಓದುಗರು 'ನಮ್ಮಲ್ಲಿ ಅಳಿಯಸಂತಾನ, ಅಣ್ಣತಮ್ಮಂದಿರ ಈ ಗೋಳೇ ಇಲ್ಲ' ಎನ್ನಬಹುದು. ಅದರ ಮಾತು ಮುಂದೆ ಬರುತ್ತದೆ.

ಈಗ ಸಾಹಿತ್ಯಕ್ಕೆ ಬರೋಣ. ಅರ್ಧ ಶತಮಾನದ ಈ ಸೋದರ ಯುದ್ಧದ ಮೇಲೆ ಕನ್ನಡದಲ್ಲಿ ಒಂದು ಕಾವ್ಯ ಇಲ್ಲ. ಕವಿಗಳಿಗೆ ಬರವಿತ್ತೆ ಎಂದರೆ ಅದೂ ಇಲ್ಲ. ರಾಜ್ಯ ಹಂಚಿದ ಸೋಮೇಶ್ವರನ ವಿನೋದಕ್ಕಾಗಿಯೇ ಮಲ್ಲಿಕಾರ್ಜುನ 'ಸೂಕ್ತಿಸುಧಾರ್ಣವ'ವನ್ನು ಸಂಕಲಿಸಿದ. ಸಮುದ್ರ, ಪರ್ವತ, ನಗರ, ಋತು, ಯುದ್ಧ ಎಂದು ಅಷ್ಟಾದಶ ವರ್ಣನೆಗಳ ಪ್ರಕಾರ ಹಳೆಯ ಕವಿಗಳ ಪದ್ಯಗಳನ್ನು ಆಯ್ದು ಜೋಡಿಸಿದ ಗ್ರಂಥ ಅದು. ಅಲ್ಲಿ ಯುದ್ಧವಿದೆ, ಆದರೆ ವರ್ಣನೆಯ ಯುದ್ಧ. ಯಾರ ನಡುವೆ, ಯಾಕೆ ಎಂಬ ಪ್ರಶ್ನೆಯಿಲ್ಲ. ಅವನ ಮಗ ಕೇಶಿರಾಜ 1260ರ ಸುಮಾರಿಗೆ 'ಶಬ್ದಮಣಿದರ್ಪಣ' ಬರೆದ. ನಾಡು ಎರಡಾಗಿ ಒಡೆದ ಹೊತ್ತಿನಲ್ಲಿ ಭಾಷೆಗೆ ಒಂದೇ ಕಟ್ಟಳೆ ಹಾಕುವ ಗ್ರಂಥ ಬಂತು. ಇದಕ್ಕೆ ಹೆಚ್ಚಿನ ಅರ್ಥ ಹಚ್ಚುವ ಆಸೆ ನನಗಿದೆ, ಆಧಾರವಿಲ್ಲದ್ದರಿಂದ ಬಿಡುತ್ತೇನೆ. 1258ರಲ್ಲಿ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಸೋಮನಾಥಪುರದ ಕೇಶವ ದೇವಾಲಯವನ್ನು ನೋಡಿದವರಿಗೆ ಆ ರಾಜ್ಯಕ್ಕೆ ಆಗ ಎದುರು ಸಿಂಹಾಸನವೊಂದು ಇತ್ತೆಂಬ ಸುಳಿವೂ ಸಿಗುವುದಿಲ್ಲ.

ಹಾಗಂತ ಕನ್ನಡ ಕವಿಗಳಿಗೆ ದಾಯಾದಿ ಜಗಳದ ವಸ್ತು ಅಪರಿಚಿತವಲ್ಲ. ನಮ್ಮ ಕಾವ್ಯ ಶುರುವಾಗುವುದೇ ಅದರಿಂದ. ಪಂಪ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಭಾರತ ಬರೆದ. ಬರೆಯುತ್ತ ಕೊನೆಯಲ್ಲಿ ಪಟ್ಟವನ್ನೇ ಬದಲಿಸಿಬಿಟ್ಟ. ಧರ್ಮರಾಯ ಇರುವಾಗ ಸುಭದ್ರೆಯ ಜೊತೆ ಅರ್ಜುನನಿಗೆ ಪಟ್ಟಾಭಿಷೇಕ! ಆಶ್ರಯದಾತನಿಗಾಗಿ ಕವಿ ಜ್ಯೇಷ್ಠನನ್ನು ದಾಟಿಸಿದ ಈ ಪ್ರಸಂಗವನ್ನು ನಾವು 'ಪಂಪನ ಪ್ರತಿಭೆ' ಎಂದು ಪಾಠ ಹೇಳುತ್ತೇವೆ, 'ಉತ್ತರಾಧಿಕಾರದ ತಿದ್ದುಪಡಿ' ಎಂದು ಹೇಳುವುದಿಲ್ಲ. ರನ್ನ ಸತ್ಯಾಶ್ರಯನಿಗೆ ಭೀಮನ ಪದವಿ ಕೊಟ್ಟ, ಆದರೆ 'ಗದಾಯುದ್ಧ' ಓದಿದವರ ಮನಸ್ಸಿನಲ್ಲಿ ಉಳಿಯುವವನು ಸೋತ ದುರ್ಯೋಧನ. ಆ ಪ್ರಾಮಾಣಿಕತೆಗಾಗಿ ರನ್ನನನ್ನು ನಾನು ಒಂದು ಗುಲಗಂಜಿ ಹೆಚ್ಚು ಮೆಚ್ಚುತ್ತೇನೆ.

ಸಮಕಾಲೀನ ಪಟ್ಟದ ಜಗಳದ ಬಗ್ಗೆ ಕಾವ್ಯ ಬಂದದ್ದೂ ಉಂಟು. 1076ರಲ್ಲಿ ಅಣ್ಣ ಎರಡನೆಯ ಸೋಮೇಶ್ವರನನ್ನು ತಳ್ಳಿ ಆರನೆಯ ವಿಕ್ರಮಾದಿತ್ಯ ಕಲ್ಯಾಣದ ಸಿಂಹಾಸನ ಏರಿದ. ಕಾಶ್ಮೀರದಿಂದ ಬಂದ ಬಿಲ್ಹಣ 'ವಿಕ್ರಮಾಂಕದೇವಚರಿತ' ಬರೆದು ತಮ್ಮನದೇ ನ್ಯಾಯ ಎಂದು ಸಂಸ್ಕೃತದಲ್ಲಿ ತೀರ್ಪು ಕೊಟ್ಟ. ಒಂದು ಕಡೆ ಪೂರ್ತಿ ಗೆದ್ದರೆ ಕವಿ ಸಿಗುತ್ತಾನೆ. ಕುಂದಾಣಿಯ ಜಗಳದಲ್ಲಿ ಇಬ್ಬರು ಅಣ್ಣತಮ್ಮಂದಿರೂ ಪೂರ್ತಿ ಗೆಲ್ಲದೆ ಸತ್ತರು. ಗೆದ್ದದ್ದು ಮುಂದಿನ ತಲೆಮಾರು. ಅಂಥ ಯುದ್ಧ ಹಾಡಿಸಿಕೊಳ್ಳುವುದಿಲ್ಲ.

ಹೊಯ್ಸಳ ನಾಡಿನ ಮನಸ್ಸಿನಲ್ಲಿ ಸೋದರ ಯುದ್ಧದ ಒಂದು ಮಹಾಪ್ರತಿಮೆ ಇತ್ತು, ಅಕ್ಷರಶಃ ಪ್ರತಿಮೆ. ಶ್ರವಣಬೆಳಗೊಳದ ಬೆಟ್ಟದ ಮೇಲೆ 10ನೆಯ ಶತಮಾನದ ಕೊನೆಯಿಂದ ಬಾಹುಬಲಿ ನಿಂತಿದ್ದಾನೆ. ಪಂಪನ 'ಆದಿಪುರಾಣ' ಓದಿದವರಿಗೆ ಗೊತ್ತು: ಸೈನ್ಯಗಳು ಸುಮ್ಮನೆ ಸಾಯಬಾರದೆಂದು ಭರತ ಬಾಹುಬಲಿಯರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲೇ ತೀರ್ಮಾನ ಮಾಡಿಕೊಂಡರು, ಗೆದ್ದವನು ಗೆದ್ದದ್ದನ್ನು ಬಿಟ್ಟು ನಡೆದ. ಎಷ್ಟು ಸುಂದರ ಪರಿಹಾರ! ಈ ಸೌಂದರ್ಯವೇ ನಮ್ಮ ಕವಿಗಳ ಬಾಯಿ ಕಟ್ಟಿತೋ ಏನೋ. ಬೆಟ್ಟದ ಮೇಲೆ ಅಂಥ ಮಾದರಿ ನಿಂತಿರುವಾಗ, ಬಿಡದ ಅಣ್ಣ, ಬಿಡದ ತಮ್ಮ, ನಡುವೆ ಸಾಯುವ ಊರಾಳುಗಳ ಕತೆಯನ್ನು ಯಾವ ಮಟ್ಟಿನಲ್ಲಿ ಹೇಳುವುದು?

ಸತ್ತವರು ಇದ್ದೇ ಇದ್ದರು. ಊಳಿಗಮಾನ್ಯ ವ್ಯವಸ್ಥೆ ಎಂದು ನಾವು ಇಂದು ಕರೆಯುವುದಕ್ಕೆ ಶಾಸನಗಳಲ್ಲಿ ಹೆಚ್ಚು ಬಿಸಿಯಾದ ಪದಗಳಿವೆ: ಜೋಳವಾಳಿ, ವೇಳೆವಾಳಿ, ಲೆಂಕ, ಗರುಡ. ಉಂಡ ಜೋಳಕ್ಕೆ ಪ್ರಾಣ ಕೊಡುವುದು ಜೋಳವಾಳಿ. ಒಡೆಯ ಸತ್ತಾಗ ತಾನೂ ಸಾಯುವ ಮಾತು ಕೊಡುವುದು ವೇಳೆವಾಳಿ. ಕೃಷ್ಣರಾಜಪೇಟೆ ತಾಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳು ಒಂದೇ ಮನೆತನದ ಗರುಡರು ಹೊಯ್ಸಳ ದೊರೆಗಳ ಜೊತೆ ತಲೆತಲಾಂತರವಾಗಿ ಪ್ರಾಣ ಬಿಟ್ಟದ್ದನ್ನು ಸಾರುತ್ತವೆ. ಸೋಮೇಶ್ವರನಿಗೂ, ಮೂರನೆಯ ನರಸಿಂಹನಿಗೂ. ಒಬ್ಬನೇ ಒಡೆಯ ಇರುವವರೆಗೆ ಈ ನಿಷ್ಠೆ ಸರಳ. ಒಂದೇ ವಂಶದಲ್ಲಿ, ಒಂದೇ ಲಾಂಛನದಲ್ಲಿ ಇಬ್ಬರು ಒಡೆಯರಾದಾಗ? ಅಪ್ಪ ಉಂಡದ್ದು ಸೋಮೇಶ್ವರನ ಜೋಳ. ಮಗನ ಜೋಳ ಯಾರದು? ನಮ್ಮ ಮುರಸುನಾಡಿನ ಊರಗೌಡರು ಈ ಪ್ರಶ್ನೆಯನ್ನು ಕತ್ತಿಯ ಮುಂದೆ ನಿಂತು ಎದುರಿಸಬೇಕಾಯಿತು. ಒಂದು ಮಹಾಕಾವ್ಯಕ್ಕೆ ಆಗುವಷ್ಟು ವಸ್ತು ಇದು, ಬರೆಯುವವರು ಬರಲಿಲ್ಲ.

ಹಾಗಾದರೆ ಈ ಯುದ್ಧದ ಸಾಹಿತ್ಯ ಎಲ್ಲಿದೆ? ಕಲ್ಲಿನಲ್ಲೇ ಇದೆ. ನರಸಿಂಹನ ಶಾಸನ ತೆಗೆದುಕೊಳ್ಳಿ: ಪ್ರತಾಪಚಕ್ರವರ್ತಿ ಹೊಯ್ಸಳ ಶ್ರೀವೀರ ನರಸಿಂಹದೇವ. ರಾಮನಾಥನದು: ಪ್ರತಾಪಚಕ್ರವರ್ತಿ ಹೊಯ್ಸಳ ಶ್ರೀವೀರ ರಾಮನಾಥದೇವ. ಒಂದೇ ಅಚ್ಚು, ಹೆಸರಿನ ಜಾಗದಲ್ಲಿ ಮಾತ್ರ ಬದಲಾವಣೆ. ಇಬ್ಬರು ಚಕ್ರವರ್ತಿಗಳು ಇರುವುದು ಸಾಧ್ಯವಿಲ್ಲ. ಆದ್ದರಿಂದ ಪ್ರತಿ ಕಲ್ಲೂ ಇನ್ನೊಬ್ಬ ಇಲ್ಲವೇ ಇಲ್ಲ ಎಂಬಂತೆ ಮಾತಾಡುತ್ತದೆ. ಬೈಗುಳಕ್ಕಿಂತ ಈ ಮೌನ ಗಟ್ಟಿ.

ಇನ್ನೊಂದು ಸೂಕ್ಷ್ಮ ಕಾಲಗಣನೆಯದು. ಕನ್ನಡ ಶಾಸನ ಸಾಮಾನ್ಯವಾಗಿ ಶಕವರ್ಷ, ಸಂವತ್ಸರ ಹೇಳುತ್ತದೆ. ಅದು ಯಾರ ಸೊತ್ತೂ ಅಲ್ಲದ ಕಾಲ. ರಾಜ ಬಂದು ಹೋದರೂ ಎಣಿಕೆ ನಡೆಯುತ್ತದೆ. ತಮಿಳು ಶಾಸನದ ರೂಢಿ ಆಳುವ ದೊರೆಯ ಇಷ್ಟನೆಯ ವರ್ಷ ಎಂದು ಎಣಿಸುವುದು. ರಾಮನಾಥ ತನ್ನ ತಮಿಳು ಕಲ್ಲುಗಳಲ್ಲಿ ಈ ರೂಢಿಯನ್ನೇ ಹಿಡಿದ. ಕಣ್ಣನೂರು ಹೋಯಿತು, ಕಾವೇರಿ ಹೋಯಿತು, ಆದರೆ ಎಣಿಕೆ ತುಂಡಾಗಲಿಲ್ಲ. ಸೋತ ವರ್ಷವೂ ಅವನ ಆಳ್ವಿಕೆಯ ವರ್ಷವೇ. ರಾಜಧಾನಿ ಕಳೆದುಕೊಂಡವನು ಕಾಲವನ್ನು ಬಿಟ್ಟುಕೊಡಲಿಲ್ಲ. ಅವನು ತಮಿಳನ್ನು ಬಳಸಿದ್ದು ಕನ್ನಡದ ಮೇಲಿನ ತಾತ್ಸಾರದಿಂದಲೂ ಅಲ್ಲ, ತಮಿಳಿನ ಮೇಲಿನ ಅಭಿಮಾನದಿಂದಲೂ ಅಲ್ಲ ಎಂದು ನನ್ನ ಎಣಿಕೆ. ಕೋಲಾರದ ಆ ಭಾಗವನ್ನು ಚೋಳರು ಬಹುಕಾಲ ಆಳಿದ್ದರು. ದೇವಸ್ಥಾನದ ಲೆಕ್ಕ ಬರೆಯುವವರಿಗೆ ಬರುತ್ತಿದ್ದದ್ದು ಆ ಬರವಣಿಗೆ. ದತ್ತಿ ಯಾರಿಗೆ ತಿಳಿಯಬೇಕೋ ಅವರ ಮಾತಿನಲ್ಲಿ ಬರೆಸುವುದು ಆಳುವವನ ವ್ಯವಹಾರ.

ಇಲ್ಲಿ ದೂರದ ಒಂದು ಹೋಲಿಕೆ ತರುತ್ತೇನೆ, ಕ್ಷಮಿಸಬೇಕು. ನಾಲ್ಕು ಶತಮಾನ ಹಿಂದೆ ಯೂರೋಪಿನಲ್ಲಿ ಶಾರ್ಲಮೇನ್ ಚಕ್ರವರ್ತಿಯ ಮೂವರು ಮೊಮ್ಮಕ್ಕಳು ಹೀಗೆಯೇ ಹೊಡೆದಾಡಿದರು. 841ರ ಜೂನ್ 25ರಂದು ಫೋಂತೆನ್ವಾ ಎಂಬಲ್ಲಿ ಲೋಥಾರ್ ಒಂದು ಕಡೆ, ಅವನ ತಮ್ಮಂದಿರು ಲೂಯಿ ಮತ್ತು ಚಾರ್ಲ್ಸ್ ಇನ್ನೊಂದು ಕಡೆ. ಮುಂದಿನ ವರ್ಷ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗಿನಲ್ಲಿ ಲೂಯಿ ಮತ್ತು ಚಾರ್ಲ್ಸ್ ಸೈನ್ಯದ ಮುಂದೆ ಒಪ್ಪಂದದ ಪ್ರಮಾಣ ಮಾಡಿದರು. ಜರ್ಮನ್ ಕಡೆಯ ಲೂಯಿ ತಮ್ಮನ ಸೈನಿಕರಿಗೆ ತಿಳಿಯಲೆಂದು ರೋಮಾನ್ಸ್ ಮಾತಿನಲ್ಲಿ ಆಣೆ ಇಟ್ಟ. ಚಾರ್ಲ್ಸ್ ಅಣ್ಣನ ಸೈನಿಕರಿಗಾಗಿ ಜರ್ಮನ್ ಮಾತಿನಲ್ಲಿ. ಫ್ರೆಂಚ್ ಭಾಷೆಯ ಅತಿ ಹಳೆಯ ಬರಹ ಯಾವುದು ಎಂದರೆ ಈ ಆಣೆಯನ್ನೇ ತೋರಿಸುತ್ತಾರೆ. ಬರೆದಿಟ್ಟವನು ನಿಥಾರ್ಡ್, ಅವನೂ ಶಾರ್ಲಮೇನನ ಮೊಮ್ಮಗನೇ, ಮಗಳ ಕಡೆಯಿಂದ. 843ರಲ್ಲಿ ವರ್ದನ್ ಒಪ್ಪಂದದಿಂದ ರಾಜ್ಯ ಮೂರು ಪಾಲಾಯಿತು. ಸ್ಟ್ರಾಸ್‌ಬರ್ಗ್ ಕೂಡ ಗಡಿಯ ಊರು. ಫ್ರೆಂಚರಿಂದ ಜರ್ಮನರಿಗೆ, ಜರ್ಮನರಿಂದ ಫ್ರೆಂಚರಿಗೆ ಹಲವು ಸಲ ಕೈ ಬದಲಿಸಿದೆ. ಹೊಸೂರು, ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ.

ಆ ಯುದ್ಧಕ್ಕೆ ನಮ್ಮಲ್ಲಿಲ್ಲದ ಒಂದು ಭಾಗ್ಯವಿತ್ತು. ಫೋಂತೆನ್ವಾದಲ್ಲಿ ಸೋತ ಲೋಥಾರನ ಪಕ್ಷದಲ್ಲಿ ಹೋರಾಡಿದ ಆಂಗೆಲ್ಬರ್ಟ್ ಎಂಬ ಯೋಧ ಲ್ಯಾಟಿನ್ನಿನಲ್ಲಿ ಒಂದು ಶೋಕಗೀತೆ ಬರೆದ. ತನ್ನ ಒಡೆಯನ ಹೊಗಳಿಕೆ ಅದರಲ್ಲಿಲ್ಲವೆಂದಲ್ಲ. ಆದರೆ ಅದರ ತಿರುಳು, ಆ ದಿನವನ್ನು ವರ್ಷದ ಲೆಕ್ಕದಿಂದಲೇ ಅಳಿಸಿಬಿಡಬೇಕು ಎಂಬ ಬೇಗೆ. ರಾಮನಾಥ ಸೋತ ವರ್ಷವನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಂಡ. ಆ ಯೋಧ ಸೋತ ದಿನವನ್ನು ಎಲ್ಲರ ಲೆಕ್ಕದಿಂದಲೂ ತೆಗೆಯಬಯಸಿದ. ಒಬ್ಬ ರಾಜ, ಒಬ್ಬ ಆಳು. ಕುಂದಾಣಿಯ ಕಡೆಯಿಂದ ಒಬ್ಬ ಆಂಗೆಲ್ಬರ್ಟ್ ಮಾತಾಡಿದ್ದರೆ ಕನ್ನಡ ಕಾವ್ಯದ ಕತೆಗೆ ಇನ್ನೊಂದು ದನಿ ಸೇರುತ್ತಿತ್ತು.

ಮಲಯಾಳದ ಮಾತು ಬಾಕಿಯಿದೆ. ಅಳಿಯಸಂತಾನ, ಮರುಮಕ್ಕತ್ತಾಯಂ ಇದ್ದಲ್ಲಿ ಅಣ್ಣತಮ್ಮಂದಿರ ಜಗಳ ಕಡಿಮೆಯಾಗಬಹುದು. ಆದರೆ ಅಪ್ಪನ ಮಗ ಸುಮ್ಮನಿರಬೇಕಲ್ಲ. ತಿರುವಾಂಕೂರಿನಲ್ಲಿ 1729ರಲ್ಲಿ ಸೋದರಳಿಯ ಮಾರ್ತಾಂಡವರ್ಮ ಪಟ್ಟಕ್ಕೆ ಬಂದಾಗ ಹಿಂದಿನ ದೊರೆಯ ಮಕ್ಕಳಾದ ತಂಬಿಯರು ಎಟ್ಟುವೀಟಿಲ್ ಪಿಳ್ಳೆಯರ ಜೊತೆ ಸೇರಿ ಎದುರು ನಿಂತರು. 1891ರಲ್ಲಿ ಸಿ.ವಿ. ರಾಮನ್ ಪಿಳ್ಳೆ ಇದೇ ಜಗಳವನ್ನು 'ಮಾರ್ತಾಂಡವರ್ಮ' ಎಂಬ ಕಾದಂಬರಿಯಾಗಿ ಬರೆದರು. ಮಲಯಾಳದ ಐತಿಹಾಸಿಕ ಕಾದಂಬರಿ ಹುಟ್ಟಿದ್ದೇ ಪಟ್ಟದ ಜಗಳದಿಂದ. ಶಕ್ತಿಯುತ ಕೃತಿ. ಆದರೆ ಗೆದ್ದ ವಂಶ ಇನ್ನೂ ಆಳುತ್ತಿದ್ದ ಕಾಲದಲ್ಲಿ ಬರೆದದ್ದು. ಪದ್ಮನಾಭನ್ ತಂಬಿ ಅಲ್ಲಿ ಖಳನಾಗದೆ ಬೇರೆ ದಾರಿಯಿಲ್ಲ. ಬಿಲ್ಹಣನ ನೆರಳು ಎಂಟು ಶತಮಾನ ದಾಟಿ ಅಲ್ಲಿಗೂ ಚಾಚಿದೆ.

ಅದೇ 1891ರಲ್ಲಿ ಮಾಸ್ತಿ ಹುಟ್ಟಿದರು. ಮಾಲೂರು ತಾಲೂಕಿನ ಮಾಸ್ತಿ ನಮ್ಮ ಗಡಿಗೆ ತಾಗಿದ ಊರು. ರಾಮನಾಥನ ತಮಿಳು ಕಲ್ಲುಗಳ ಸೀಮೆ. ಮನೆಮಾತು ತಮಿಳು, ಬರವಣಿಗೆ ಕನ್ನಡ. ಈ ಲೇಖಕ ಬರೆದ ಎರಡು ದೊಡ್ಡ ಕಾದಂಬರಿಗಳೂ ಅರಸುತನ ಕೈಜಾರಿದ ಕತೆಗಳೇ: 'ಚನ್ನಬಸವನಾಯಕ' ಬಿದನೂರಿನದು, 1956ರ 'ಚಿಕವೀರ ರಾಜೇಂದ್ರ' ಕೊಡಗಿನದು. ಎರಡನೆಯದರಲ್ಲಿ ರಾಜ ಕೆಟ್ಟವನು, ಅವನಿಂದ ತಪ್ಪಿಸಿಕೊಂಡು ಇಂಗ್ಲಿಷರ ಮೊರೆ ಹೋದ ತಂಗಿ ದೇವಮ್ಮಾಜಿ ಮತ್ತು ಭಾವ ಚನ್ನಬಸವ ಪೂರ್ತಿ ಒಳ್ಳೆಯವರೂ ಅಲ್ಲ, ಗೆದ್ದದ್ದು ಮೂರನೆಯವರು. ಯಾರ ಪಕ್ಷವನ್ನೂ ಹಿಡಿಯದೆ ಎಲ್ಲರನ್ನೂ ನೋಡುವ ಆ ನಿಧಾನ ಮಾಸ್ತಿಯವರಿಗೆ ಎಲ್ಲಿಂದ ಬಂತು ಎಂದು ಕೇಳಿದರೆ, ಎರಡು ಮಾತಿನ ಆ ಸೀಮೆಯಿಂದ ಎಂದು ಹೇಳಲು ನನಗೆ ಆಸೆ. ಒಂದು ಕೊರಗು ಮಾತ್ರ: ಕೊಡಗು, ಬಿದನೂರುಗಳಿಗೆ ಹೋದ ಅವರು ಮನೆಯ ಹಿತ್ತಿಲಿನ ಕುಂದಾಣಿಗೆ ಬರಲಿಲ್ಲ. ಉಳಿದವರ ಹೊಯ್ಸಳ ಕಾದಂಬರಿಯೆಂದರೆ ಕೆ.ವಿ. ಅಯ್ಯರ್ ಅವರ 'ಶಾಂತಲಾ'ದಿಂದ ಸಿ.ಕೆ. ನಾಗರಾಜರಾಯರ 'ಪಟ್ಟಮಹಿಷಿ ಶಾಂತಲಾದೇವಿ'ಯವರೆಗೆ ಬೇಲೂರಿನ ನೃತ್ಯಮಂಟಪ. ವಂಶದ ಬೆಳಗನ್ನು ಬರೆದಷ್ಟು ಅದರ ಒಡಕನ್ನು ಬರೆಯಲಿಲ್ಲ.

ಒಡಕಿನ ಬಗ್ಗೆ ನಮಗಿರುವ ಅತ್ಯುತ್ತಮ ಗದ್ಯ ನನ್ನ ಮಟ್ಟಿಗೆ 1301ರ ಒಂದು ಆಜ್ಞೆ. ದಾಯಾದಿಯ ನಾಡು ಕೈಗೆ ಬಂದ ಮೇಲೆ ಮೂರನೆಯ ಬಲ್ಲಾಳ ಅಲ್ಲಿನ ದೇವಸ್ಥಾನ ಮಠಗಳ ಸ್ಥಾನಿಕರಿಗೆಲ್ಲ ಒಂದೇ ನಿರೂಪ ಹೊರಡಿಸಿದ. ಹೆಸರ ಕುಂದಾಣಿ ರಾಜ್ಯ, ಮುರಸುನಾಡು, ಕುವಳಾಲನಾಡು, ಕೈವಾರನಾಡು ಎಂದು ನಾಡುಗಳ ಪಟ್ಟಿಯೇ ಅದರಲ್ಲಿದೆ. ಕುವಳಾಲವೆಂದರೆ ಇಂದಿನ ಕೋಲಾರ. ಹೊಸೂರು, ಅಂದರೆ ಹಳೆಯ ಸೆವಿಡಪಾಡಿ, ಇದ್ದದ್ದು ಮುರಸುನಾಡಿನಲ್ಲಿ. ದೇವರ ಜಮೀನು, ಮಠದ ಜಮೀನು, ಬಸದಿಯ ಜಮೀನುಗಳ ಮೇಲಿನ ತೆರಿಗೆಗಳನ್ನೆಲ್ಲ ಬಿಟ್ಟಿದ್ದೇವೆ, ಪೂಜೆ ನಡೆಸಿಕೊಂಡು ನಮ್ಮ ಅಭ್ಯುದಯ ಕೋರಿ ಸುಖವಾಗಿರಿ ಎಂಬುದು ಅದರ ಸಾರ. ಗೆದ್ದವನ ಅಬ್ಬರಕ್ಕಿಂತ ಲೆಕ್ಕದ ಪುಸ್ತಕ ಮುಚ್ಚುವ ಧ್ವನಿ ಅದರದು. ದೋರಸಮುದ್ರದ ಕನ್ನಡ ದೊರೆ ಈ ಆಜ್ಞೆಯನ್ನು ತಮಿಳಿನಲ್ಲೇ ಬರೆಸಿದ, ಒಂದಲ್ಲ, ಹಲವು ಊರುಗಳ ಕಲ್ಲಿನಲ್ಲಿ. ದಾಯಾದಿಯ ನಾಡನ್ನು ತೆಗೆದುಕೊಂಡ, ಅದರ ಮಾತನ್ನು ತೆಗೆಯಲಿಲ್ಲ.

ಬಲ್ಲಾಳನ ಮುಂದಿನ ಕತೆ ಗೊತ್ತೇ ಇದೆ. 1310ರಲ್ಲಿ ಪಾಂಡ್ಯರ ಮನೆಯಲ್ಲೂ ಸುಂದರ ಪಾಂಡ್ಯ, ವೀರ ಪಾಂಡ್ಯರ ಪಟ್ಟದ ಜಗಳ ಎದ್ದಾಗ ಹಳೆಯ ನಷ್ಟ ತುಂಬಿಕೊಳ್ಳಲು ದಕ್ಷಿಣಕ್ಕೆ ಹೊರಟ. 1311ರ ಆರಂಭದಲ್ಲಿ ಮಲಿಕ್ ಕಾಫರ್ ದೋರಸಮುದ್ರದ ಬಾಗಿಲಲ್ಲಿದ್ದ. ಇನ್ನೊಬ್ಬರ ದಾಯಾದಿ ಜಗಳದಲ್ಲಿ ಲಾಭ ನೋಡಿದವನು ಸ್ವಂತ ಊರು ಕಳೆದುಕೊಳ್ಳುವ ಹಂತಕ್ಕೆ ಬಂದ.

ಆ 1301ರ ಆಜ್ಞೆಗೆ ಹಿಂತಿರುಗಿ ಒಂದು ಮಾತು. ಆ ಕಲ್ಲುಗಳು ಇಂದು ಎರಡು ರಾಜ್ಯಗಳಲ್ಲಿ ಹರಡಿವೆ, ಹಾಗಾಗಿ ಪುಸ್ತಕಗಳಲ್ಲೂ ಹರಿದು ಹಂಚಿವೆ. ಮೈಸೂರು ಸಂಸ್ಥಾನದೊಳಗಿನವು ರೈಸ್ ಸಂಪುಟಗಳಲ್ಲಿ; ಹೊಸೂರು ಆಗ ಮದರಾಸು ಆಧಿಪತ್ಯದ ಸೇಲಂ ಜಿಲ್ಲೆಯಾದ್ದರಿಂದ ನಮ್ಮವು ಮದರಾಸಿನ ವರದಿಗಳಲ್ಲಿ. ಕನ್ನಡ ವಿದ್ವಾಂಸರು ಮೊದಲನೆಯದನ್ನು, ತಮಿಳು ವಿದ್ವಾಂಸರು ಎರಡನೆಯದನ್ನು ಓದುತ್ತಾರೆ. ಸೋಮೇಶ್ವರನ ಪಾಲುಪತ್ರ ಗ್ರಂಥಾಲಯದಲ್ಲಿ ಇನ್ನೂ ಜಾರಿಯಲ್ಲಿದೆ.

2006ರ ತಮಿಳು ಕಲಿಕಾ ಕಾಯಿದೆ ಬಂದಾಗ ನಮ್ಮ ಕನ್ನಡ ಶಾಲೆಗಳಲ್ಲಿ ಎದ್ದ ಆತಂಕ ನನಗೂ ಇತ್ತು. ಪರೀಕ್ಷೆಯ ಭಾರ ಹೊತ್ತ ಮಕ್ಕಳ ಮುಖ ನೋಡಿದವನು ಅದನ್ನು ಹಗುರವಾಗಿ ಮಾತಾಡಲಾರ; ಆ ಅಳಲು ನ್ಯಾಯವಾದದ್ದು. ಆದರೂ ನಡೆದದ್ದನ್ನು ಹೇಳುತ್ತೇನೆ. ಈಚೆಗೆ ರಾಮನಾಥನ ಒಂದು ಕಲ್ಲಿನ ಫೋಟೋ ಮೇಜಿನ ಮೇಲೆ ಹರಡಿಕೊಂಡು, ಭೂತಗನ್ನಡಿ ಹಿಡಿದು ತಿಣುಕುತ್ತಿದ್ದೆ. ಹಳೆಗನ್ನಡ ಲಿಪಿಯನ್ನು ಹೇಗೋ ಬಿಡಿಸುತ್ತೇನೆ, ತಮಿಳು ಕಲ್ಲು ಬಂದರೆ ಕಣ್ಣು ಕಟ್ಟಿದಂತೆ. ಹತ್ತನೆಯ ತರಗತಿಯ ಪಕ್ಕದ ಮನೆಯ ಹುಡುಗಿ ಬಗ್ಗಿ ನೋಡಿದಳು. ಸ್ವಲ್ಪ ಹೊತ್ತು ಬೆರಳು ಓಡಿಸಿ, "ಇಲ್ಲಿ 'ರಾ' ಇದೆ ತಾತ, ಆಮೇಲೆ 'ಮ', ಇದು 'ನಾ'..." ಎಂದಳು. ಮುಂದಿನ ಅಕ್ಷರ ಸವೆದಿತ್ತು. ಕಾಪಿ ಪುಸ್ತಕ ತರುತ್ತೇನೆ ಎಂದು ಓಡಿದಳು. ನಾನು ದೀಪವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.